ಗಡಿಯಾರದ ಮುಖದಲ್ಲಿ ಗಗನದ ಕಬ್ಬಿಣ

ಕಳೆದ ದೀಪಾವಳಿಯ ಸೂಟಿಯ ಮುನ್ನಾದಿನ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಅಧ್ಯಾಪಕರ ಕೊಠಡಿಗೆ ಬಂದಿದ್ದರು. ಅವರ ಊರು ಮೂಡಲಗಿ; ಈಗ ಉದ್ಯೋಗನಿಮಿತ್ತವಾಗಿ ಅಮೆರಿಕೆಯ ಪೂರ್ವ ಕರಾವಳಿಯಲ್ಲಿ ವಾಸ. ಚಹಾ ಕುಡಿಯುತ್ತ ಮಾತನಾಡುವಾಗ ಅವರ ಕೈಗಡಿಯಾರದ ಮೇಲೆ ನಮ್ಮೆಲ್ಲರ ದೃಷ್ಟಿ ಬಿದ್ದಿತು. ಅದರ ಮುಖಫಲಕ, ರೂಢಿಯಲ್ಲಿ ನಾವು ಡಾಯಲ್ ಎನ್ನುವುದು, ಬೆಳ್ಳಿಯ ಬಣ್ಣದ್ದಾಗಿದ್ದು, ಅದರ ತುಂಬ ಬೂದುಬಣ್ಣದ ಪಟ್ಟಿಗಳು ಒಂದನ್ನೊಂದು ಓರೆಯಾಗಿ ಕತ್ತರಿಸುತ್ತ ಚಾಪೆಯ ಹೆಣಿಗೆಯಂತೆ ತೋರುತ್ತಿದ್ದವು. ತಾಸು, ನಿಮಿಷ, ಸೆಕೆಂಡುಗಳ ಮುಳ್ಳುಗಳಲ್ಲದೆ ನಾಲ್ಕನೆಯದೊಂದು ಮುಳ್ಳೂ ಇದ್ದಿತು. "ಇದರ ಮುಖ ಆಕಾಶದಿಂದ ಬಿದ್ದ ಕಬ್ಬಿಣದ್ದರೀ ಸರ್" ಎಂದು ಅವರು ಸಂಕೋಚದಿಂದಲೇ ಹೇಳಿದರು. ಬೆಲೆಯನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ಹೊರಟುಹೋದ ಮೇಲೆ ಕೊಠಡಿಯಲ್ಲಿ ಚರ್ಚೆ ಎದ್ದಿತು. ಇದು ವ್ಯಾಪಾರಿಗಳ ಕಟ್ಟುಕಥೆ ಎಂದರು ಒಬ್ಬರು. ಉಲ್ಕೆಯೆಂಬುದು ಉತ್ಪಾತವಲ್ಲವೇ, ಅದನ್ನು ಮೈಮೇಲೆ ಧರಿಸುವುದುಂಟೇ ಎಂದರು ಇನ್ನೊಬ್ಬರು. "ಪಂಡಿತರೇ, ತಾವೇನನ್ನುತ್ತೀರಿ?" ಎಂದು ನನ್ನತ್ತ ತಿರುಗಿದರು ಮತ್ತೊಬ್ಬರು. ಆ ದಿನ ನಾನು ಉತ್ತರ ಹೇಳಲಿಲ್ಲ. ಉಲ್ಕೆಯ ವಿಷಯದಲ್ಲಿ ಹಿಂದೊಮ್ಮೆ ಅವಸರದ ಉತ್ತರ ಕೊಟ್ಟು ಎಡವಿದವನು ನಾನು. ಆ ವೃತ್ತಾಂತವನ್ನು ಮುಂದೆ ನಿವೇದಿಸುತ್ತೇನೆ. ಆ ಬಳಿಕ ಕೆಲವು ತಿಂಗಳು ನಮ್ಮ ವಿಜ್ಞಾನದ ಗುರುಗಳನ್ನು ಕಾಡಿ ಬೇಡಿ, ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ನನ್ನ ಕ್ಷೇತ್ರವಾದ ಶಬ್ದದಿಂದಲೇ ಆರಂಭಿಸುವೆನು. 'ಉಲ್ಕಾ' ಎಂಬ ಸಂಸ್ಕೃತ ಶಬ್ದಕ್ಕೆ ಉರಿಯುವ ಕೊಳ್ಳಿ ಎಂಬ ಅರ್ಥವೂ ಉಂಟು. ನಮ್ಮ ಹಳ್ಳಿಗಳಲ್ಲಿ 'ಚಿಕ್ಕಿ ಬಿತ್ತು' ಎನ್ನುತ್ತಾರೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳ ಲಕ್ಷಣಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಹೇಳಿದ್ದಾನೆ. ಸಿಡಿಲು ಮಿಂಚುಗಳನ್ನೂ ಬೀಳುವ ಚಿಕ್ಕಿಯನ್ನೂ ಅವನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಇಂದಿನ ಶಾಸ್ತ್ರಕ್ಕೆ ಒಪ್ಪಿಗೆಯಾಗದು. ಆದರೆ ಕಂಡುದನ್ನು ವರ್ಗೀಕರಿಸಬೇಕೆಂಬ ಅವನ ಹಂಬಲ ಗೌರವಾರ್ಹವೇ ಸರಿ. ಯುರೋಪಿನ ವಿದ್ವಾಂಸರಾದರೂ ಆಕಾಶದಿಂದ ಕಲ್ಲು ಬೀಳುತ್ತದೆಂಬ ಹಳ್ಳಿಗರ ಮಾತನ್ನು ಬಹುಕಾಲ ನಂಬಿರಲಿಲ್ಲ. ಜರ್ಮನಿಯ ಕ್ಲಾಡ್ನಿ ಎಂಬ ಪಂಡಿತನು 1794ರಲ್ಲಿ ಈ ಪಿಂಡಗಳು ಭೂಮಿಯ ಆಚೆಯವು ಎಂದು ಬರೆದಾಗ ಹಲವರು ನಕ್ಕರು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಮೇಲೆ ಹಾಡುಹಗಲೇ ಸಾವಿರಾರು ಕಲ್ಲುಗಳು ಸುರಿದ ಮೇಲೆ ನಗು ನಿಂತಿತು.

ನಮ್ಮ 'ಕಬ್ಬಿಣ' ಎಂಬ ಶಬ್ದವನ್ನೂ ಇಲ್ಲಿ ಸ್ಮರಿಸಬೇಕು. ಹಳಗನ್ನಡದ ಕರ್ಬೊನ್, ಕರ್ಬುನ ಎಂಬ ರೂಪಗಳಿಂದ ಅದು ಬಂದಿದೆ. ಕರಿದಾದ ಪೊನ್ನು ಎಂಬುದು ಅದರ ಅರ್ಥ. ಪೊನ್ನೆಂದರೆ ಚಿನ್ನ ಮಾತ್ರವಲ್ಲ, ಲೋಹ ಎಂಬ ಅರ್ಥವೂ ಅದಕ್ಕೆ ಉಂಟು. ಕಬ್ಬಿಣವನ್ನು ಅದಿರಿನಿಂದ ಕರಗಿಸಿ ತೆಗೆಯಲು ಅರಿಯದ ಕಾಲದಲ್ಲಿ ಮಾನವನ ಕೈಗೆ ಸಿಕ್ಕಿದ ಕಬ್ಬಿಣವೆಂದರೆ ಬಹುಮಟ್ಟಿಗೆ ಆಕಾಶದಿಂದ ಬಿದ್ದುದೇ. ಈಜಿಪ್ತಿನ ಅರಸ ತುತಾಂಖಾಮುನನ ಗೋರಿಯಲ್ಲಿ ದೊರೆತ ಕಠಾರಿಯ ಅಲಗು ಉಲ್ಕೆಯ ಕಬ್ಬಿಣದ್ದೆಂದು 2016ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ದೃಢಪಟ್ಟಿದೆ. ನಮ್ಮ ದೇಶದ ಉದಾಹರಣೆ ಇನ್ನೂ ಸ್ವಾರಸ್ಯವಾದದ್ದು. 1621ರ ಏಪ್ರಿಲ್ ತಿಂಗಳಲ್ಲಿ ಜಾಲಂಧರದ ಬಳಿ ಬಿದ್ದ ಪಿಂಡವನ್ನು ಬಾದಶಹ ಜಹಾಂಗೀರನು ತರಿಸಿ ತೂಗಿಸಿದನು. 160 ತೊಲೆ ತೂಗಿತು. ಉಸ್ತಾದ್ ದಾವೂದ್ ಎಂಬ ಕಮ್ಮಾರನಿಗೆ ಖಡ್ಗ ಮಾಡಲು ಕೊಟ್ಟಾಗ ಅದು ಸುತ್ತಿಗೆಯ ಪೆಟ್ಟಿಗೆ ನಿಲ್ಲದೆ ಪುಡಿಯಾಯಿತು. ಆಗ ಮೂರು ಪಾಲು ಮಿಂಚುಗಬ್ಬಿಣಕ್ಕೆ ಒಂದು ಪಾಲು ಸಾಮಾನ್ಯ ಕಬ್ಬಿಣವನ್ನು ಬೆರೆಸಿ ಎರಡು ಖಡ್ಗ, ಒಂದು ಕಠಾರಿ, ಒಂದು ಚೂರಿ ಮಾಡಿಸಿದನು. ಇದನ್ನೆಲ್ಲ ಬಾದಶಹನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಚೂರಿ ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಆದುದರಿಂದ ಆಕಾಶದ ಕಬ್ಬಿಣವನ್ನು ಮೈಮೇಲೆ ಧರಿಸುವುದು ಇಂದಿನ ಶ್ರೀಮಂತರು ಹೂಡಿದ ಹೊಸ ಸಂಪ್ರದಾಯವೇನೂ ಅಲ್ಲ.

ಇನ್ನು ಗಡಿಯಾರದ ಮುಖಕ್ಕೆ ಬರೋಣ. ಬೀಳುವ ಪಿಂಡಗಳಲ್ಲಿ ಮೂರು ಜಾತಿ: ಕಲ್ಲಿನವು, ಕಬ್ಬಿಣದವು, ಎರಡೂ ಬೆರೆತವು. ಕಣ್ಣೆದುರಿಗೆ ಬಿದ್ದು ದೊರೆತವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕಲ್ಲಿನವೇ. ಕಬ್ಬಿಣದವು ಐದರ ಆಸುಪಾಸು. ಈ ಕಬ್ಬಿಣದಲ್ಲಿ ನಿಕ್ಕಲ್ ಬೆರೆತಿರುತ್ತದೆ. ಸೌರಮಂಡಲದ ಆದಿಕಾಲದಲ್ಲಿ, ಎಂದರೆ ಸುಮಾರು 450 ಕೋಟಿ ವರ್ಷಗಳ ಹಿಂದೆ, ಚಿಕ್ಕ ಗ್ರಹಗಳಂತಹ ಕಾಯಗಳ ಒಡಲಿನಲ್ಲಿ ಕಬ್ಬಿಣವು ಕರಗಿ ನಡುವಿಗೆ ಇಳಿಯಿತು. ಮೇಲಿನ ಹೊದಿಕೆಯೊಳಗೆ ನಿಧಾನವಾಗಿ ಆರಿತು. ಹಾಗೆ ಆರುವಾಗ ನಿಕ್ಕಲ್ ಕಡಿಮೆಯಿರುವ ಕಬ್ಬಿಣವು ಒಂದು ಕಡೆಗೂ ನಿಕ್ಕಲ್ ಹೆಚ್ಚಿರುವುದು ಇನ್ನೊಂದು ಕಡೆಗೂ ಸರಿದು, ಪಟ್ಟಿಪಟ್ಟಿಯಾಗಿ ಹರಳುಗಟ್ಟಿದವು. ಮೊದಲನೆಯದನ್ನು ಕಮಸೈಟ್ ಎಂದೂ ಎರಡನೆಯದನ್ನು ಟೀನೈಟ್ ಎಂದೂ ವಿಜ್ಞಾನಿಗಳು ಕರೆಯುತ್ತಾರೆ. ಪಿಂಡವನ್ನು ಕೊಯ್ದು, ನುಣುಪು ಮಾಡಿ, ಮೇಲೆ ಸೌಮ್ಯವಾದ ಆಮ್ಲವನ್ನು ಸವರಿದರೆ ಮೊದಲನೆಯದು ಬೇಗ ಸವೆಯುತ್ತದೆ, ಎರಡನೆಯದು ನಿಲ್ಲುತ್ತದೆ. ಅಡಗಿದ್ದ ಹೆಣಿಗೆ ಕಣ್ಣಿಗೆ ಕಾಣಿಸುತ್ತದೆ. ವಿಯೆನ್ನಾ ನಗರದ ವಿದ್ಮನ್‌ಸ್ಟೆಟನ್ ಎಂಬವನು ಇದನ್ನು 1808ರಲ್ಲಿ ಗಮನಿಸಿದನಾದ್ದರಿಂದ ಅವನ ಹೆಸರೇ ನಿಂತಿದೆ. ಅವನಿಗಿಂತ ನಾಲ್ಕು ವರ್ಷ ಮೊದಲು ಥಾಮ್ಸನ್ ಎಂಬ ಆಂಗ್ಲ ವಿದ್ವಾಂಸನು ನೇಪಲ್ಸಿನಲ್ಲಿ ಇದನ್ನು ಕಂಡು ಬರೆದಿದ್ದನು. ಕಂಡವನೊಬ್ಬ, ಹೆಸರು ಇನ್ನೊಬ್ಬನದು. ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ಇದೇನೂ ಹೊಸತಲ್ಲ!

ಈ ಹೆಣಿಗೆಯನ್ನು ಭೂಮಿಯ ಮೇಲೆ ಯಾವ ಕಾರಖಾನೆಯಲ್ಲಿಯೂ ಈ ಪ್ರಮಾಣದಲ್ಲಿ ನೇಯಲಾಗದು. ಅದಕ್ಕೆ ಬೇಕಾದದ್ದು ಕಾಲ. ಹಲವು ಪಿಂಡಗಳಲ್ಲಿ ಉಷ್ಣತೆಯು ಒಂದು ಡಿಗ್ರಿ ಇಳಿಯಲು ಸಾವಿರಾರು ವರ್ಷಗಳು ಹಿಡಿದಿವೆ ಎಂದು ಪಟ್ಟಿಗಳ ಸ್ವರೂಪದಿಂದ ಲೆಕ್ಕ ಹಾಕಿದ್ದಾರೆ. ಕಲ್ಯಾಣದಲ್ಲಿ ಶರಣರು ಕೂಡಿದ್ದ ಕಾಲದಿಂದ ಇಂದಿನವರೆಗೆ ಸಂದಿರುವ ಎಂಟುನೂರೈವತ್ತು ವರ್ಷಗಳಲ್ಲಿ ಅಂಥದೊಂದು ಪಿಂಡವು ಒಂದು ಡಿಗ್ರಿಯಷ್ಟೂ ತಣಿಯುತ್ತಿರಲಿಲ್ಲ. ಈ ಮಾತನ್ನು ವಿಜ್ಞಾನದ ಗುರುಗಳು ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮುಳ್ಳುಗಳು ಸೆಕೆಂಡನ್ನು ಎಣಿಸುತ್ತಿರುವ ಫಲಕವೇ ಇಂಥ ಕಾಲದ ದಾಖಲೆ!

ಗಡಿಯಾರದವರು ಬಳಸುವ ಪಿಂಡಗಳಲ್ಲಿ ಎರಡು ಹೆಸರಾಂತವು. ಒಂದು ನಮೀಬಿಯ ದೇಶದ ಗಿಬಿಯೋನ್. ಅಲ್ಲಿನ ಮೂಲನಿವಾಸಿಗಳು ಅದರಿಂದ ಆಯುಧಗಳನ್ನು ಮಾಡಿಕೊಳ್ಳುತ್ತಿದ್ದರು. ಯುರೋಪಿಗೆ ಅದು ತಿಳಿದದ್ದು 1838ರಲ್ಲಿ. ಈಗ ಅಲ್ಲಿಂದ ಅದನ್ನು ಒಯ್ಯುವುದನ್ನು ಆ ದೇಶದ ಕಾಯದೆ ನಿಷೇಧಿಸಿದೆ. ಹಿಂದೆಯೇ ಹೊರಗೆ ಹೋದದ್ದು ಮಾತ್ರ ಕೈಬದಲಾಗುತ್ತದೆ. ಇನ್ನೊಂದು ಸ್ವೀಡನ್ನಿನ ಉತ್ತರ ತುದಿಯ ಮುವೊನಿಯೊನಲುಸ್ತಾ. 1906ರಲ್ಲಿ ಇದರ ಮೊದಲ ತುಣುಕನ್ನು ಕಂಡವರು ಮಕ್ಕಳು. ಪಿಂಡವನ್ನು ಅರ್ಧ ಮಿಲಿಮೀಟರಿನ ಆಸುಪಾಸಿನ ಹಾಳೆಗಳನ್ನಾಗಿ ಕೊಯ್ಯುವಾಗ ಹಲವು ಬಿರಿದು ಹಾಳಾಗುತ್ತವೆ. ಉಳಿದದ್ದೂ ಕಬ್ಬಿಣವೇ ಆದ್ದರಿಂದ ತುಕ್ಕಿನ ಭಯ ತಪ್ಪಿದ್ದಲ್ಲ. ಮೇಲೆ ತೆಳುವಾದ ರಕ್ಷಣೆಯ ಲೇಪ ಕೊಡುತ್ತಾರೆ. ಒಂದು ಫಲಕದಂತೆ ಇನ್ನೊಂದಿರುವುದಿಲ್ಲ. ಸ್ವಿತ್ಸರ್‌ಲ್ಯಾಂಡಿನ ರೋಲೆಕ್ಸ್ ಸಂಸ್ಥೆ 2019ರಲ್ಲಿ ತನ್ನ ಪ್ರವಾಸದ ಗಡಿಯಾರಕ್ಕೆ ಬಿಳಿಯ ಚಿನ್ನದ ಕವಚದೊಡನೆ ಇಂಥ ಮುಖವನ್ನು ಕೊಟ್ಟಿತು. ಅದರ ಬೆಲೆ ನಮ್ಮಂಥ ಮಾಸ್ತರರ ಹಲವು ವರ್ಷಗಳ ಸಂಬಳ. ನಮ್ಮ ನಾಡಿನದೇ ಆದ ಬೆಂಗಳೂರು ವಾಚ್ ಕಂಪನಿಯೂ ಭಾರತದ ಬಾಹ್ಯಾಕಾಶ ಸಾಹಸದ ಗೌರವಾರ್ಥವಾಗಿ ರೂಪಿಸಿದ 'ಅಪೋಜಿ' ಎಂಬ ಮಾಲೆಯಲ್ಲಿ ಉಲ್ಕೆಯ ಮುಖದ ಗಡಿಯಾರವನ್ನು ತಂದಿದೆ. ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡತೊಡಗಿದ್ದೂ ಆ ಬೆಂಗಳೂರಿನಲ್ಲಿಯೇ. ಆ ತಯಾರಿಕೆ ನಿಂತುಹೋಗಿ ವರ್ಷಗಳಾದವು. ನನ್ನ ಕೈಯಲ್ಲಿರುವುದು ಅದೇ, ದಿನಾಲು ಕೀಲಿ ಕೊಡುವ ಗಡಿಯಾರ. ಮುಖ ಬರಿಯ ಬಿಳಿ ಬಣ್ಣದ್ದು.

ಕನ್ನಡ ನೆಲದಲ್ಲಿ ಉಲ್ಕೆಗಳು ಬಿದ್ದಿಲ್ಲವೇ ಎಂದು ವಾಚಕರು ಕೇಳಬಹುದು. ಬಿದ್ದಿವೆ. 1865ರ ಸೆಪ್ಟೆಂಬರಿನಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿ, 1866ರ ಏಪ್ರಿಲ್‌ನಲ್ಲಿ ಉಡುಪಿಯ ಬಳಿ. ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ಅವು 'ಮುದ್ದೂರ್', 'ಉದಿಪಿ' ಎಂಬ ಅಂದಿನ ಆಂಗ್ಲರ ಉಚ್ಚಾರದಲ್ಲಿಯೇ ಇಂದಿಗೂ ಉಳಿದಿವೆ. ಕನ್ನಡಿಗರು ಹಲವರು ವಾಸಿಸುವ ಹೊಸೂರು ಸೀಮೆಯ ಶೂಲಗಿರಿಯಲ್ಲಿ 2008ರ ಸೆಪ್ಟೆಂಬರಿನಲ್ಲಿ ದೊಡ್ಡದೊಂದು ಬಿದ್ದಿತು. ಟೈಟನ್ ಗಡಿಯಾರದ ಕಾರಖಾನೆ ಇರುವುದೂ ಆ ಹೊಸೂರಿನಲ್ಲಿಯೇ. ಆದರೆ ಈ ಮೂರೂ ಕಲ್ಲಿನ ಜಾತಿಯವು. ಎಷ್ಟು ಉಜ್ಜಿದರೂ ಅವುಗಳಲ್ಲಿ ಆ ಹೆಣಿಗೆ ಮೂಡುವುದಿಲ್ಲ. ವಿದ್ಯೆಯ ದೃಷ್ಟಿಯಿಂದ ಮಾತ್ರ ಅವು ಕಬ್ಬಿಣಕ್ಕಿಂತ ಕಡಿಮೆಯವಲ್ಲ. ನಮ್ಮ ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯದು.

ಈಗ ನನ್ನ ತಪ್ಪಿನ ವಿಷಯ. ನಾನು ಸೇವೆಗೆ ಸೇರಿದ ಹೊಸತರಲ್ಲಿ ಹುಕ್ಕೇರಿ ತಾಲೂಕಿನ ಹಳ್ಳಿಯಿಂದ ಬರುತ್ತಿದ್ದ ಏಳನೆಯ ತರಗತಿಯ ಹುಡುಗನೊಬ್ಬನು ಟವೆಲಿನಲ್ಲಿ ಕಟ್ಟಿಕೊಂಡು ಒಂದು ಕರಿಯ ಕಲ್ಲನ್ನು ತಂದನು. "ಹೊಲದಾಗ ಕುಂಟಿಗೆ ಸಿಕ್ತರೀ ಸರ್, ಭಾಳ ವಜ್ಜಾ ಐತ್ರೀ" ಎಂದನು. ಕೈಯಲ್ಲಿ ಹಿಡಿದರೆ ಅದರ ಗಾತ್ರಕ್ಕೆ ಮೀರಿದ ಭಾರ. ನಾನಾಗ ವರಾಹಮಿಹಿರನನ್ನು ಹೊಸದಾಗಿ ಓದಿದ್ದೆ; ತಡಮಾಡದೆ ಇದು ಉಲ್ಕೆಯೆಂದು ಸಾರಿಬಿಟ್ಟೆ. ಹುಡುಗನಿಗಾದ ಸಂತೋಷವನ್ನು ಏನೆಂದು ಹೇಳಲಿ! ಕಲ್ಲು ಶಾಲೆಯ ಕಪಾಟನ್ನು ಸೇರಿತು. ನನ್ನ ಅಕ್ಷರದಲ್ಲಿಯೇ 'ಉಲ್ಕಾಶಿಲೆ' ಎಂಬ ಚೀಟಿ ಅದರ ಮುಂದೆ ಕುಳಿತಿತು. ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳಿಗೆಲ್ಲ ಅದನ್ನು ತೋರಿಸಿದೆವು.

ಕಳೆದ ಚಳಿಗಾಲದಲ್ಲಿ ಈ ಲೇಖನದ ನೆಪದಿಂದ ವಿಜ್ಞಾನದ ಗುರುಗಳು ಆ ಕಲ್ಲನ್ನು ಕೆಳಗಿಳಿಸಿದರು. ಹೊಳಪಿಲ್ಲದ ಬಿಳಿಯ ಹಂಚಿನ ಬೆನ್ನಿಗೆ ಅದನ್ನು ಒತ್ತಿ ಎಳೆದರು. ಇಟ್ಟಂಗಿಯ ಬಣ್ಣದ ಕೆಂಪು ಗೆರೆ ಮೂಡಿತು. ಸೂಜಿಗಲ್ಲು ಅದಕ್ಕೆ ಅಂಟಲಿಲ್ಲ. "ಇದು ಕಬ್ಬಿಣದ ಅಂಶ ಹೆಚ್ಚಿರುವ ನಮ್ಮ ನೆಲದ ಕಲ್ಲೇ ಸರ್" ಎಂದು ಅವರು ಮೆಲ್ಲನೆ ಹೇಳಿದರು. ನಿಜವಾದ ಉಲ್ಕೆಯಾದರೆ ಹಂಚಿನ ಮೇಲೆ ಸಾಮಾನ್ಯವಾಗಿ ಅಂಥ ಗೆರೆ ಬೀಳುವುದಿಲ್ಲ. ಅದರಲ್ಲಿ ಲೋಹದ ಕಬ್ಬಿಣವಿರುವುದರಿಂದ ಸೂಜಿಗಲ್ಲನ್ನು ಬಹುತೇಕ ಸೆಳೆಯುತ್ತದೆ. ಗಾಳಿಯನ್ನು ಸೀಳಿ ಬರುವಾಗ ಮೈ ಕರಗಿ ಆದ ತೆಳುವಾದ ಕರಿಯ ಹೊದಿಕೆ ಹೊಸತಾಗಿ ಬಿದ್ದವುಗಳ ಮೇಲೆ ಇರುತ್ತದೆ. ಕಬ್ಬಿಣದ ಜಾತಿಯದಾದರೆ ಹಸಿಮಣ್ಣನ್ನು ಬೆರಳಿನಿಂದ ಒತ್ತಿದಂತಹ ಗುಳಿಗಳೂ ಕಾಣುತ್ತವೆ. ಒಳಗೆಲ್ಲ ಸಣ್ಣ ಗುಳ್ಳೆಗಳಿರುವ ಕಲ್ಲು ಉಲ್ಕೆಯಾಗಿರುವುದು ಬಹಳ ವಿರಳ; ಕಮ್ಮಾರಸಾಲೆಯ ಕಿಟ್ಟವೋ ಜ್ವಾಲಾಮುಖಿಯ ಶಿಲೆಯೋ ಆಗಿರುತ್ತದೆ. ನಮ್ಮ ಭಾಗದಲ್ಲಿ ಕರಿಯ ಜ್ವಾಲಾಮುಖಿ ಶಿಲೆಗೆ ಬರಗಾಲವಿಲ್ಲ. ಹುಕ್ಕೇರಿಯ ಕಪ್ಪುಮಣ್ಣು ಅದರ ಮಗು.

ಕಪಾಟಿನ ಚೀಟಿಯನ್ನು ನಾನೇ ತೆಗೆದು 'ಕಬ್ಬಿಣಾಂಶವುಳ್ಳ ಸ್ಥಳೀಯ ಶಿಲೆ' ಎಂದು ಬರೆದಿಟ್ಟೆನು. ಆದರೆ ಆ ಹುಡುಗನಿಗೆ ಹೇಳುವುದು ಹೇಗೆ? ಅವನೀಗ ನಲವತ್ತರ ಆಸುಪಾಸಿನ ಗೃಹಸ್ಥನಾಗಿರಬೇಕು, ಎಲ್ಲಿದ್ದಾನೋ ಕಾಣೆ. ತಾನು ಆಕಾಶದ ಕಲ್ಲನ್ನು ಶಾಲೆಗೆ ಕೊಟ್ಟವನೆಂದು ತನ್ನ ಮಕ್ಕಳಿಗೆ ಹೇಳಿರಲೂ ಸಾಕು. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳ ಕೈಸೇರುತ್ತದೆ ಎಂಬ ಭರವಸೆಯಿಂದ ಇಲ್ಲಿ ಅಚ್ಚುಮಾಡಿಸುತ್ತಿದ್ದೇನೆ: ತಪ್ಪು ಅವನದಲ್ಲ, ನನ್ನದು. ಅವನು ಕಣ್ಣಿಟ್ಟು ನೋಡಿ ಭಾರವನ್ನು ಗುರುತಿಸಿದ್ದನು. ನಾನು ಪುಸ್ತಕವನ್ನು ಮಾತ್ರ ನೋಡಿದ್ದೆ. ಆಕಾಶದ ಕಲ್ಲೆಂದು ಹೇಳಿ ಹಣ ಕೀಳುವವರೂ ಈಗ ಹೆಚ್ಚಿದ್ದಾರಾದ್ದರಿಂದ ಹಂಚು ಮತ್ತು ಸೂಜಿಗಲ್ಲಿನ ಈ ಪರೀಕ್ಷೆಯನ್ನು ಪ್ರತಿ ಶಾಲೆಯಲ್ಲಿಯೂ ಮಾಡಿ ತೋರಿಸುವುದು ಒಳ್ಳೆಯದು. ಪರೀಕ್ಷೆಯಲ್ಲಿ ಗೆದ್ದ ಕಲ್ಲು ಸಿಕ್ಕಿದರೆ ಅದು ಭೂವೈಜ್ಞಾನಿಕ ಇಲಾಖೆಗೆ ಸಲ್ಲಬೇಕು, ದಲಾಲರಿಗಲ್ಲ.

ನಾಲ್ಕನೆಯ ಮುಳ್ಳಿನ ಮಾತು ಉಳಿಯಿತು. ಪ್ರವಾಸದ ಗಡಿಯಾರದ ವಿಶೇಷ ಅದೇ. 1950ರ ದಶಕದಲ್ಲಿ ಸಾಗರ ದಾಟುವ ವಿಮಾನಗಳ ಚಾಲಕರಿಗೆ ಏಕಕಾಲದಲ್ಲಿ ಎರಡು ದೇಶಗಳ ವೇಳೆ ಬೇಕಾಯಿತು. ಅದಕ್ಕಾಗಿ ದಿನಕ್ಕೆ ಎರಡು ಸುತ್ತಿನ ಬದಲು ಒಂದೇ ಸುತ್ತು ಬರುವ ಇನ್ನೊಂದು ಮುಳ್ಳನ್ನು ಇಟ್ಟರು. ಅಂಚಿನಲ್ಲಿ 24 ತಾಸುಗಳ ಅಂಕಿ. ನಮ್ಮ ವಿದ್ಯಾರ್ಥಿ ಅಮೆರಿಕೆಯಲ್ಲಿರುವಾಗ ದೊಡ್ಡ ಮುಳ್ಳುಗಳು ಅಲ್ಲಿಯ ವೇಳೆಯನ್ನೂ ಈ ಮುಳ್ಳು ಮನೆಯ ವೇಳೆಯನ್ನೂ ತೋರಬೇಕು. ಆದರೆ ಇಂಥ ಗಡಿಯಾರಗಳಲ್ಲಿ ತಾಸು ಪೂರ್ತಿ ತಾಸಾಗಿಯೇ ಜಿಗಿಯುತ್ತದೆ. ನಿಮಿಷದ ಮುಳ್ಳು ಎರಡಕ್ಕೂ ಒಂದೇ. ಭಾರತದ ವೇಳೆಯಾದರೋ ಗ್ರೀನಿಚ್ಚಿಗಿಂತ ಐದೂವರೆ ತಾಸು ಮುಂದೆ. ಆ ಅರ್ಧ ತಾಸು, ನಮ್ಮ ಹಿರಿಯರ ಲೆಕ್ಕದಲ್ಲಿ ಒಂದೂಕಾಲು ಗಳಿಗೆ, ಯಂತ್ರದ ಹಲ್ಲಿಗೆ ಸಿಕ್ಕುವುದಿಲ್ಲ. "ಐದು ತಾಸಿಗೆ ಇಟ್ಟು, ಅರ್ಧ ತಾಸು ಮನಸ್ಸಿನ್ಯಾಗ ಕೂಡಿಸ್ಕೊಂಡು ಅವ್ವಗ ಫೋನ್ ಮಾಡ್ತೀನ್ರೀ ಸರ್" ಎಂದಿದ್ದರು ಅವರು. ಇಷ್ಟು ಬೆಲೆಯ ಗಡಿಯಾರಕ್ಕೆ ಇದೊಂದು ಕೊರತೆಯಲ್ಲವೇ ಎಂದು ನಾವು ನಕ್ಕೆವು.

ಆದರೆ ನಕ್ಷೆಯನ್ನು ತೆರೆದಾಗ ನನ್ನ ನಗು ಬೇರೆಯಾಯಿತು. ಭಾರತದ ವೇಳೆಯನ್ನು 82½ ಡಿಗ್ರಿ ರೇಖಾಂಶದಿಂದ ಎಣಿಸುತ್ತಾರೆ. ಈ ಪದ್ಧತಿ ಆರಂಭವಾದದ್ದು 1906ರ ಜನವರಿ 1ರಂದು. ಅದಕ್ಕೆ ಮುಂಚೆ ರೈಲ್ವೆಯವರದು ಮದ್ರಾಸಿನ ವೇಳೆ. ನಮ್ಮ ಬೆಳಗಾವಿ ಜಿಲ್ಲೆ ಆಗ ಸೇರಿದ್ದ ಪ್ರಾಂತದ ರಾಜಧಾನಿ ಮುಂಬಯಿಯಾದರೋ ತನ್ನದೇ ಬೇರೆ ವೇಳೆಯನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಇವುಗಳಲ್ಲಿ ಯಾವುದೂ ನಮ್ಮ ನೆತ್ತಿಯ ಸೂರ್ಯನ ವೇಳೆಯಲ್ಲ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಹುಕ್ಕೇರಿ 74.6 ಡಿಗ್ರಿ, ಗೋಕಾಕ 74.8 ಡಿಗ್ರಿ, ಮೂಡಲಗಿ 75 ಡಿಗ್ರಿಗೆ ತೀರ ಸಮೀಪ. ಎಂದರೆ ನಮ್ಮ ಮೂರು ತಾಲೂಕುಗಳ ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿಯಲ್ಲಿ ಹನ್ನೆರಡೂವರೆಗೆ. ಮೂಡಲಗಿಯ ನೆತ್ತಿಗೆ ಬಂದ ಸೂರ್ಯನು ಗೋಕಾಕವನ್ನು ಹಾದು ಹುಕ್ಕೇರಿಯ ನೆತ್ತಿಗೆ ಬರಲು ಇನ್ನೂ ಒಂದೂವರೆ ನಿಮಿಷ ಬೇಕು. ಊರ ಹೆಸರಿನಲ್ಲಿಯೇ 'ಮೂಡಲ' ಕೇಳಿಸುವುದು ಕಿವಿಗೆ ಹಿತವಾಗುತ್ತದೆ.

75 ಡಿಗ್ರಿಯನ್ನು ಹದಿನೈದರಿಂದ ಭಾಗಿಸಿದರೆ ಸರಿಯಾಗಿ ಐದು ತಾಸು. ಭಾರತದ ವೇಳೆಯನ್ನು ತೋರಿಸಲಾರದೆ ಐದಕ್ಕೆ ನಿಂತ ಆ ಮುಳ್ಳು, ಪರದೇಶದಲ್ಲಿ ಇಷ್ಟು ವರ್ಷವೂ ಮೂಡಲಗಿಯ ಸೂರ್ಯನ ವೇಳೆಯನ್ನೇ ತೋರಿಸುತ್ತಿದ್ದಿತು!

ಇದನ್ನು ಪುಸ್ತಕದ ಮೇಲೆ ನಂಬಬಾರದೆಂದು ಈ ಸಲ ನಿಶ್ಚಯಿಸಿದ್ದೆ. ಸೂರ್ಯನ ನಡೆಯಲ್ಲಿ ವರ್ಷದುದ್ದಕ್ಕೂ ಹೆಚ್ಚುಕಡಿಮೆಯುಂಟು; ಫೆಬ್ರುವರಿಯ ನಡುವೆ ಹದಿನಾಲ್ಕು ನಿಮಿಷ ತಡ, ನವೆಂಬರಿನ ಮೊದಲಲ್ಲಿ ಹದಿನಾರು ನಿಮಿಷ ಬೇಗ. ಏಪ್ರಿಲ್ ನಡುವೆಯೂ ಸೆಪ್ಟೆಂಬರ 1ರ ಆಸುಪಾಸಿನಲ್ಲಿಯೂ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್ ನಡುವೆ ಒಂದು ದಿನ ಮೈದಾನದಲ್ಲಿ ನೇರವಾಗಿ ಕೋಲು ನೆಟ್ಟು, ಹುಡುಗರನ್ನು ಸುತ್ತ ನಿಲ್ಲಿಸಿ, ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗೂಟ ಹೊಡೆಸಿದೆವು. ನನ್ನ ಹಳೆಯ ಗಡಿಯಾರವನ್ನು ರೇಡಿಯೋಕ್ಕೆ ಹೊಂದಿಸಿ ಕೈಯಲ್ಲಿ ಹಿಡಿದಿದ್ದೆ. ನೆರಳು ಹನ್ನೆರಡು ಗಂಟೆಗೂ ಕುಗ್ಗುತ್ತಲೇ ಇದ್ದಿತು. ಹನ್ನೆರಡೂ ಇಪ್ಪತ್ತೈದಕ್ಕೂ ಕುಗ್ಗುತ್ತಿದ್ದಿತು. ಹನ್ನೆರಡೂವರೆಯ ಗೂಟವೇ ಕೋಲಿಗೆ ಎಲ್ಲಕ್ಕಿಂತ ಸಮೀಪದ್ದಾಯಿತು. ಮೂಡಲಗಿ ಕಡೆಯ ಹುಡುಗನೊಬ್ಬನು ಆ ಗೂಟವನ್ನು ಕೀಳಲು ಬಿಡಲಿಲ್ಲ. ಅದು ಈಗಲೂ ಧ್ವಜಸ್ತಂಭದ ಬಡಗಣ ದಿಕ್ಕಿಗೆ, ಬೇವಿನ ಗಿಡದ ಹತ್ತಿರ ಇದೆ. ಶಾಲೆಗೆ ಬರುವ ಹಳೆಯ ವಿದ್ಯಾರ್ಥಿಗಳು ನೋಡಬಹುದು.